ಬೈಗುಳದ ರಂಗೋಲಿ

ನಮ್ಮ ಅತ್ತೆ ದಿನಾ ಬೆಳಿಗ್ಗೆ ಎದ್ದು, ಅಂಗಳ ಗುಡಿಸಿ, ಸಗಣಿನೀರು ಹಾಕಿ, ಮನೆ ಮುಂದೆ ಒಂದು ಬೈಗುಳ ಬಿಡಿಸುತ್ತಾರೆ. ತಮಾಷೆಯಲ್ಲ! ಎಲ್ಲರ ಮನೆ ಮುಂದೆ ರಂಗೋಲಿ, ಇವರ ಮನೆ ಮುಂದೆ ಬೈಗುಳ. ಬೀದಿಯಲ್ಲಿ ಹೋಗುವವರು 'ಆಹಾ, ಏನು ಬಳ್ಳಿ, ಏನು ಹೂವು!' ಎಂದು ಮೆಚ್ಚಿಕೊಂಡು ಹೋಗುತ್ತಾರೆ. ಅತ್ತೆ ಹೊಸ್ತಿಲ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ದಾರಿಯಲ್ಲಿ ಅವರ ಊರು. ಹೊಗೆಸೊಪ್ಪು ಬೆಳೆಯುವ ಮನೆ. ಆ ಮನೆಗೆ ಎರಡನೇ ಸೊಸೆಯಾಗಿ ಪಿರಿಯಾಪಟ್ಟಣದ ಕಡೆಯಿಂದ ಬಂದವರು ಚಿಕ್ಕತ್ತೆ. ಅಂದರೆ ಅತ್ತೆಯ ಓರಗಿತ್ತಿ. ಚಿಕ್ಕತ್ತೆಗೆ ಹುಟ್ಟಿನಿಂದಲೇ ಕಿವಿ ಕೇಳದು, ಬಾಯಿಯೂ ಬಾರದು. ಶಾಲೆಯ ಮುಖ ಕಂಡವರಲ್ಲ. ಆದರೆ ಕೈ ಇತ್ತಲ್ಲ! ಆ ಕೈಯಲ್ಲಿ ಅವರಾಡುತ್ತಿದ್ದ ಮಾತು ಪೂರ್ತಿ ಅವರ ಸ್ವಂತದ್ದು. ಮನೆಮಂದಿಯೆಲ್ಲ ಊಟ, ನೀರು, ದನ ಕಟ್ಟು ಎನ್ನುವಷ್ಟು ಕಲಿತು ಸುಮ್ಮನಾದರು. ಪೂರ್ತಿಯಾಗಿ ಕಲಿತದ್ದು ಅತ್ತೆ ಒಬ್ಬರೇ. ಯಾಕೆ ಕಲಿತರು? ಜಗಳ ಆಡಬೇಕಲ್ಲ! ಓರಗಿತ್ತಿಯ ಜೊತೆ ಜಗಳ ಆಡದೆ ಸಂಸಾರ ಮಾಡುವುದು ಹೇಗೆ?

ಅವರಿಬ್ಬರ ಅತ್ತೆಯಾದ ಹಿರಿಯಜ್ಜಿ ಊರೆಲ್ಲ ಹೇಳಿಕೊಂಡು ಬರುತ್ತಿತ್ತು, "ನಮ್ಮನೆ ಸೊಸೇರು ಒಂದಿನ ಗಟ್ಟಿಯಾಗ್ ಮಾತಾಡ್ದೋರಲ್ಲ ಕಣ್ರವ್ವ!" ಅಜ್ಜಿ ಹಾಗೆ ಹೇಳುತ್ತಿರುವಾಗಲೇ ಅದರ ಬೆನ್ನ ಹಿಂದೆ ಘನಘೋರ ಯುದ್ಧ ನಡೆಯುತ್ತಿತ್ತು. ಮಾವನಿಗೆ ಮಾತ್ರ ಬೇರೆಯದೇ ಸಂಕಟ. ಹೊಗೆಸೊಪ್ಪಿನ ಎಲೆ ವಿಂಗಡಿಸುವಾಗ ಬೇರೆ ಹೆಂಗಸರು ಬಾಯಲ್ಲಿ ಹರಟುತ್ತ ಕೈಯಲ್ಲಿ ಕೆಲಸ ಮಾಡುತ್ತಾರೆ. ಇವರಿಬ್ಬರು ಜಗಳಕ್ಕೆ ನಿಂತರೆ ಎಲೆ ಕೆಳಗೆ! "ಬೈಯ್ಕಳಿ ಕಣ್ರವ್ವ, ಒಂದೊಂದ್ ಕೈಯಲ್ಲಿ ಬೈಯ್ಕಳಿ!" ಎಂದು ಮಾವ ಬೇಡಿಕೊಳ್ಳುತ್ತಿದ್ದರು.

ಚಿಕ್ಕತ್ತೆ ತೀರಿಕೊಂಡರು. ಸದ್ದೇ ಮಾಡದ ಮನುಷ್ಯೆ ಹೋದರೆ ಮನೆ ಇಷ್ಟು ಸದ್ದಿಲ್ಲದಂತೆ ಆಗುತ್ತದೆಯೇ? ಆಯಿತು. ಮಾವ ಟೀವಿ ಮುಂದೆ, ಅತ್ತೆ ಹೊಸ್ತಿಲ ಮೇಲೆ. ನಾನು ಕೆ.ಆರ್. ನಗರದಿಂದ ನೋಡಲು ಹೋದಾಗ, "ಯಾಕತ್ತೆ ಮಂಕಾಗಿದ್ದೀರಿ? ಮಾವನನ್ನೇ ನಾಲ್ಕು ಬೈದು ಹಗುರ ಮಾಡ್ಕೊಳ್ಳಿ" ಎಂದೆ.

"ಬೈದೆ ಕಣ್ಲಾ. ಬಾಯಲ್ಲಿ ಬೈದ್ರೆ ಉಪ್ಪಿಲ್ಲದ್ ಸಾರಂಗಿರ್ತದೆ" ಎಂದರು. ಆಮೇಲೆ, "ಅವಳ ಮಾತು ಇನ್ನು ನಂಗೊಬ್ಳಿಗೇ ಗೊತ್ತಿರೋದು. ನಾನೂ ಮರೆತ್ರೆ ಅವಳು ಮಾತಾಡ್ಲೇ ಇಲ್ಲ ಅಂತ ಆಗೋಯ್ತದೆ" ಎಂದರು.

ನಾನು ಮೊಬೈಲ್ ತೆಗೆದೆ. ಕೈಮಾತನ್ನು ಬರೆಯುವುದಕ್ಕೂ ಹೊರದೇಶದಲ್ಲಿ ಒಂದು ಲಿಪಿ ಇದೆ ಎಂದು ಎಲ್ಲೋ ನೋಡಿದ್ದೆ. ಮುಖಕ್ಕೊಂದು ಸೊನ್ನೆ, ಕೈಗೊಂದು ಗುರುತು, ಕೈ ಹೋದ ದಾರಿಗೊಂದು ಬಾಣ. ತೋರಿಸಿದೆ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದವರೇ, "ಅಯ್ಯೋ ನಿನ್ನ! ಇದು ಚುಕ್ಕಿ ರಂಗೋಲಿ ಕಣ್ಲಾ!" ಎಂದು ಎದ್ದೇಬಿಟ್ಟರು.

ಶುರುವಾಯಿತು ನೋಡಿ! ಹಣೆಗೊಂದು ಚುಕ್ಕಿ, ಮೂಗಿಗೊಂದು, ಬಾಯಿಗೊಂದು, ಎದೆಗೊಂದು, ಸೊಂಟಕ್ಕೊಂದು. ಕೈ ಓಡಾಡಿದ ದಾರಿಯೇ ಬಳ್ಳಿ. ಮುಷ್ಟಿ ಕಟ್ಟಿದರೆ ಮೊಗ್ಗು, ಬೆರಳು ಬಿಚ್ಚಿದರೆ ಐದೆಸಳಿನ ಹೂವು. ದಿನಕ್ಕೊಂದು ಮಾತು. ಒಳ್ಳೆಯ ಮಾತುಗಳಿಂದ ಶುರು ಮಾಡಬಾರದಿತ್ತೇ? "ಒಳ್ಳೆ ಮಾತು ಎಲ್ಲಾಡ್ತಿದ್ಲು ಅವಳು?" ಎಂದರು ಅತ್ತೆ.

ಎದುರುಮನೆಯಾಕೆಗೆ ಅನುಮಾನ ಬಂತು. "ಏನಕ್ಕ ಇದು, ಬೈಲಕುಪ್ಪೆ ಟಿಬೆಟಿನೋರ ಮಂತ್ರವಾ?"

"ಮಂತ್ರ ಅಲ್ಲ ಕಣೆ, ಬೈಗುಳ" ಎಂದು ಅತ್ತೆ ಇದ್ದದ್ದನ್ನು ಇದ್ದಹಾಗೇ ಹೇಳಿದರು. ಆಕೆ ನಂಬಲಿಲ್ಲ. ತನ್ನ ಮಗನ ಹೆಂಡತಿಯನ್ನು ಮನೆ ತುಂಬಿಸಿಕೊಳ್ಳುವ ದಿನ, ಅತ್ತೆಯ ರಂಗೋಲಿಗಳಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ಆರಿಸಿ ತನ್ನ ಬಾಗಿಲಿಗೆ ಬಣ್ಣ ತುಂಬಿ ಬಿಡಿಸಿದಳು. ಸೊಂಟದ ಹತ್ತಿರ ಒಂದು ಮೊಗ್ಗು, ಮೇಲಕ್ಕೆ ಹಬ್ಬಿದ ಬಳ್ಳಿ, ಬಾಯಿಯ ಹತ್ತಿರ ಅರಳಿದ ಹೂವು. ಕೈಮಾತಲ್ಲಾದರೆ, ಕೆಳಗಿಂದ ಮುಷ್ಟಿ ತುಂಬ ಬಾಚಿ, ಎತ್ತಿ, ಎದುರಿನವಳ ಮುಖಕ್ಕೆ ಎರಚುವುದು. ಅಂದರೆ 'ನಿನ್ನ ಬಾಯಿಗೆ ಮಣ್ಣು ಹಾಕ'! ಅದನ್ನೇ ದಾಟಿಕೊಂಡು, ಪಾಪ, ಮದುಮಗಳು ಬಲಗಾಲಿಟ್ಟು ಒಳಗೆ ಹೋದಳು.

ಇದನ್ನು ಹೇಳುವಾಗ ಅತ್ತೆ ನಕ್ಕೂ ನಕ್ಕೂ ಕೆಮ್ಮಿದರು. "ಕೊಟ್ಟಿಗೆಗೆ ಓಡೋಗಿ ಎಮ್ಮೆ ಮುಂದೆ ನಗಾಡ್ದೆ ಕಣ್ಲಾ. ಇನ್ಯಾರ್ ಮುಂದೆ ನಗಾಡ್ಲಿ? ಅರ್ಥ ಆಗೋಳು ಒಬ್ಳು ಪಕ್ದಲ್ಲಿರ್ಬೇಕಿತ್ತು." ನಾನೂ ನಗುತ್ತಿದ್ದವನು ನಿಲ್ಲಿಸಿದೆ.

ನನಗೊಂದು ಅನುಮಾನ ಉಳಿದಿತ್ತು. ರಂಗೋಲಿ ಬೀದಿಯಿಂದ ಬರುವವರಿಗೆ ನೆಟ್ಟಗೆ ಕಾಣಬೇಕು ತಾನೇ? ಅತ್ತೆಯದು ಬೀದಿಯಿಂದ ನೋಡಿದರೆ ತಲೆಕೆಳಗು! ಹಣೆಯ ಚುಕ್ಕಿ ಬೀದಿಯ ಕಡೆಗೆ, ಸೊಂಟದ ಚುಕ್ಕಿ ಹೊಸ್ತಿಲ ಕಡೆಗೆ. "ಉಲ್ಟಾ ಬಿಡಿಸ್ತಿದ್ದೀರಲ್ಲತ್ತೆ" ಎಂದೆ.

"ಬರೋರಿಗಲ್ಲ ಕಣ್ಲಾ ಇದು" ಎಂದರು. "ಅವಳು ಅಲ್ಲಿ ನಿಂತವ್ಳೆ. ನಾನು ಇಲ್ಲಿ ಕೂತು ನೋಡ್ತಾ ಇವ್ನಿ."

ಹೋದ ವಾರ ಬಸ್ಸಿಳಿದು ಮನೆ ಹತ್ತಿರ ಬಂದರೆ ಅಂಗಳದಲ್ಲಿ ಬರೀ ಚುಕ್ಕಿ. ಬಳ್ಳಿಯಿಲ್ಲ, ಹೂವಿಲ್ಲ. ಹೊತ್ತೇರಿದ್ದರೂ ಅತ್ತೆ ರಂಗೋಲಿ ಬಟ್ಟಲು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು.

"ನನ್ನೆಸ್ರು ಮರ್ತೋಯ್ತು ಕಣ್ಲಾ."

ನಾನು ನಕ್ಕೆ. "ರೇಷನ್ ಕಾರ್ಡ್ ನೋಡಿದ್ರಾಯ್ತಪ್ಪ!"

ಅತ್ತೆ ನಗಲಿಲ್ಲ. "ಅದಲ್ಲ. ಅವಳು ನನ್ನ ಕರೀತಿದ್ದ ಎಸ್ರು. ಎಲ್ಲ ನೆಪ್ಪದೆ, ಅದೊಂದೇ ಇಲ್ಲ. ಅವಳ ಮಾತೆಲ್ಲ ನನ್ ಕೈಯಲ್ಲೂ ಆಡಿವ್ನಿ. ನನ್ನ ನಾನೇ ಎಲ್ಲಿ ಕರ್ಕತಿದ್ದೆ?"

ನನಗೆ ನೆನಪಿತ್ತು! ಚಿಕ್ಕಂದಿನಲ್ಲಿ ರಜೆಗೆ ಬಂದಾಗ ಚಿಕ್ಕತ್ತೆ ನನ್ನನ್ನು ಹಿಡಿದು ನಿಲ್ಲಿಸಿ, 'ಹೋಗಿ ಅವಳನ್ನು ಕರ್ಕೊಂಡು ಬಾ' ಎಂದು ಹೊಲಕ್ಕೆ ಅಟ್ಟುತ್ತಿದ್ದರು. ಆ 'ಅವಳು' ಯಾವ ಸನ್ನೆಯೆಂದು ಹೇಗೆ ಮರೆಯಲಿ? ಆದರೆ ಮಾಡಿ ತೋರಿಸುವುದು ಹೇಗೆ? ನಮ್ಮತ್ತೆಗೆ ಮುಂದಿನ ಹಲ್ಲು ಉಬ್ಬು. ಎರಡು ಬೆರಳು ಕೊಕ್ಕೆ ಮಾಡಿ ಮೇಲ್ತುಟಿಯ ಕೆಳಗೆ ಹಲ್ಲಿನ ಹಾಗೆ ಇಟ್ಟುಕೊಂಡರೆ, ಅದೇ ಅತ್ತೆ! ಅಪ್ಪನ ಅಕ್ಕನ ಮುಂದೆ ನಿಂತು ಹಾಗೆ ಅಣಕಿಸುವುದುಂಟೇ?

"ಗೊತ್ತಾ ನಿಂಗೆ?" ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. "ಗೊತ್ತಿದ್ರೆ ಮಾಡು ಕಣ್ಲಾ."

ಚೀಲ ಕೆಳಗಿಟ್ಟೆ. ಅಂಗಳದ ಬೀದಿಯ ಕಡೆಯ ಕೊನೆಗೆ, ಹಣೆಯ ಚುಕ್ಕಿಯ ಹಿಂದೆ ಹೋಗಿ ನಿಂತೆ. ಎರಡು ಬೆರಳು ಕೊಕ್ಕೆ ಮಾಡಿ ಬಾಯಿಗಿಟ್ಟುಕೊಂಡೆ.

ಅತ್ತೆಯ ಬಲಗೈ ಮಡಿಲಿಂದ ತಾನಾಗಿ ಎದ್ದಿತು. ಸೊಂಟದ ಹತ್ತಿರ ಮುಷ್ಟಿ ಕಟ್ಟಿ, ಬಾಚಿ, ಎತ್ತಿ, ಐದೂ ಬೆರಳು ಬಿಚ್ಚಿ ನನ್ನ ಮುಖಕ್ಕೆ ಎರಚಿತು. ಆ ಹೆಸರಿಗೆ ಅವರು ಜೀವನವಿಡೀ ಕೊಟ್ಟಿದ್ದ ಉತ್ತರ ಅದೇ. ಅತ್ತೆಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಉಬ್ಬುಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದರು.

ಅತ್ತೆ ಸೆರಗಲ್ಲಿ ಮುಖ ಒರೆಸಿಕೊಂಡು ಬಟ್ಟಲು ಹಿಡಿದು ಅಂಗಳಕ್ಕಿಳಿದರು. ಬಗ್ಗಿ, ಚಿಟಿಕೆಯಲ್ಲಿ ರಂಗೋಲಿ ಪುಡಿ ತೆಗೆದುಕೊಂಡು, ತಲೆ ಎತ್ತಿ ನನ್ನನ್ನು ನೋಡಿದರು.

"ಮೆಲ್ಲುಗೆ, ಇನ್ನೊಂದ್ ಸಲ ಕರಿ ಕಣ್ಲಾ" ಎಂದರು.