ಕೆಂಪರಾಜನ ದೊಡ್ಡ ಕ್ಯಾಮ್‌ಶಾಫ್ಟ್

ಹೆಣ್ಣು ನೋಡಲು ಹೋಗುವ ವಾರವೇ ಕೆಂಪರಾಜ್ ತನ್ನ ಹಳೆಯ ಕಾರಿನ ಇಂಜಿನ್ನಿಗೆ ಹೊಸ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವುಗಳನ್ನು ತೆರೆದು ಮುಚ್ಚುವ ದಂಡ, ಹಾಕಿಸಿಕೊಂಡ. ಎಲ್ಲ ಫಜೀತಿಗೂ ಅದೇ ಮೂಲ.

ಶಿವಾಜಿನಗರದ ಮೆಕ್ಯಾನಿಕ್ ಮುದಸ್ಸಿರ್ ಎರಡು ಬಗೆಯದನ್ನು ಮುಂದಿಟ್ಟಿದ್ದ. "ಚಿಕ್ಕದು ಹಾಕಿದ್ರೆ ಟ್ರಾಫಿಕ್ಕಲ್ಲಿ ಆರಾಮ್ ಭಾಯ್. ದೊಡ್ಡದು ಸ್ಪೀಡಲ್ಲಿ ಹುಲಿ, ನಿಧಾನಕ್ಕೆ ಹೋದ್ರೆ ನಡುಗುತ್ತೆ, ಆಫ್ ಆಗುತ್ತೆ."

"ನೀನು ಓಡ್ಸೋದು ಟಿನ್ ಫ್ಯಾಕ್ಟರಿ ಜಾಮಲ್ಲಿ ಕಣೋ, ಚಿಕ್ಕದೇ ಸಾಕು" ಎಂದ ಚಿಕ್ಕಪ್ಪನ ಮಗ ಮುನೀಂದ್ರ.

ಚಿಕ್ಕದು ಎಂಬ ಮಾತೇ ಕೆಂಪರಾಜನಿಗೆ ಅವಮಾನ. "ದೊಡ್ಡದೇ ಹಾಕಿ!"

ಭಾನುವಾರ ಕೆ.ಆರ್. ಪುರದಿಂದ ಹಲಸೂರಿಗೆ ಹೊರಟರು. ಪಕ್ಕದಲ್ಲಿ ಮುನೀಂದ್ರ, ಹಿಂದೆ ಹೂವು ಹಣ್ಣಿನ ತಟ್ಟೆ ಹಿಡಿದ ತಾಯಿ ಅಕ್ಕಯಮ್ಮ. ಮೊದಲ ಸಿಗ್ನಲ್ಲಿನಲ್ಲೇ ಕಾರು ಚಳಿಜ್ವರ ಬಂದವರಂತೆ ಗಡಗಡ ನಡುಗತೊಡಗಿತು. ಆಫ್ ಆಗದಿರಲೆಂದು ಕೆಂಪರಾಜ್ ಆಕ್ಸಿಲರೇಟರ್ ಒತ್ತಿದ, ಒತ್ತುತ್ತಲೇ ಇದ್ದ.

"ಏನ್ ಗುರು, ಹಿಟ್ಟಿನ ಗಿರಣಿ ತಂದಿದೀಯಾ?" ಎಂದ ಪಕ್ಕದ ಆಟೋದವನು.

"ಲೋ, ನನ್ ಹಲ್ ಸೆಟ್ಟು ಸಡಿಲ ಆಯ್ತು ಕಣೋ!" ಎಂದು ಅಕ್ಕಯಮ್ಮ ಕೂಗಿದಳು.

ಇಂದಿರಾನಗರದಲ್ಲಿ ಕಾರು ನಿಂತೇಹೋಯಿತು. ಮುನೀಂದ್ರನ ಜೊತೆ ಅಕ್ಕಯಮ್ಮನೂ ರೇಷ್ಮೆ ಸೀರೆ ಎತ್ತಿಕಟ್ಟಿ ತಳ್ಳಿದ ಮೇಲೆ ಹೊರಟಿತು. ಹೆಣ್ಣಿನ ಮನೆಯ ಬೀದಿಗೆ ತಿರುಗುತ್ತಲೇ ಢಮಾರ್ ಎಂದು ಮತ್ತೆ ನಿಂತಿತು. ಬಾಲ್ಕನಿಗಳೆಲ್ಲ ತುಂಬಿದವು. ಹೆಣ್ಣಿನ ಅಪ್ಪ ಮುನಿಆಂಜನಪ್ಪನವರೇ ಬಂದು ಕಾರಿಗೆ ಭುಜ ಕೊಟ್ಟರು.

"ಗಂಡನ್ನ ತಳ್ಕೊಂಡ್ ಬಂದ್ರು ನೋಡ್ರೋ!" ಎಂದರು ಯಾರೋ.

ಸ್ಟೇರಿಂಗಿನ ಹಿಂದೆ ಕೆಂಪರಾಜ್ ನಾಚಿಕೆಯಿಂದ ಹಿಡಿಯಷ್ಟಾಗಿದ್ದ. ಒಳಗೆ ಕಾಫಿ ಬಂದರೂ ತಲೆ ಎತ್ತಲಿಲ್ಲ. ಹುಡುಗಿ ನಿಖಿತಾ ಕೇಳಿದ ಮೊದಲ ಪ್ರಶ್ನೆಯೇ ಅವನ ಎದೆಗೆ ನಾಟಿತು.

"ಆ ಕಾರು ಯಾರ್ದು?"

"ನಂದಲ್ಲ ರೀ!" ಕೆಂಪರಾಜನ ಬಾಯಿಂದ ಸುಳ್ಳು ತಾನಾಗಿ ಹೊರಬಿತ್ತು. "ಇವನ್ದು, ಮುನೀಂದ್ರಂದು. ಬೇಡ ಬೇಡ ಅಂದ್ರೂ ದೊಡ್ಡ ಕ್ಯಾಮ್‌ಶಾಫ್ಟ್ ಹಾಕ್ಸಿದಾನೆ. ತಲೇಲಿ ಬುದ್ಧಿ ಇದ್ರೆ ತಾನೇ?"

ಮುನೀಂದ್ರನಿಗೆ ಕಾಫಿ ನೆತ್ತಿಗೇರಿತು. ಅಣ್ಣನ ಮಾನ ಹೋಗಬಾರದೆಂದು ಕೆಮ್ಮುತ್ತಲೇ ಹೌದೆಂದು ತಲೆಯಾಡಿಸಿದ. ಅಕ್ಕಯಮ್ಮ ಫ್ಯಾನು ನೋಡತೊಡಗಿದಳು.

ನಿಖಿತಾಳ ಕಣ್ಣುಗಳು ಅರಳಿದವು. "ಸೌಂಡ್ ಕೇಳಿದ ತಕ್ಷಣ ಗೊತ್ತಾಯ್ತು ನಂಗೆ! ನನ್ ಬುಲೆಟ್‌ಗೂ ದೊಡ್ಡದೇ ಹಾಕ್ಸಿದೀನಿ ಮುನೀಂದ್ರ ಅವ್ರೇ. ಮನೇಲಿ ದಿನಾ ಬೈಗುಳ. ಜನ ನಗ್ತಾರೆ ಅಂತ ಹೆದರದೇ ಇರೋರು ಎಷ್ಟ್ ಜನ ಇದಾರೆ ಹೇಳಿ?"

"ಏನೋ ರೀ, ಸುಮ್ನೆ ಒಂದ್ ಆಸೆ" ಎಂದ ಮುನೀಂದ್ರ, ಕಾಲರ್ ಸರಿಮಾಡಿಕೊಳ್ಳುತ್ತ.

ಹೊರಡುವಾಗ ಮುನಿಆಂಜನಪ್ಪನವರು ಅಕ್ಕಯಮ್ಮನ ಹತ್ತಿರ ಬಂದರು. "ಹುಡುಗಿ ಒಪ್ಪಿದಾಳಮ್ಮ."

ಕೆಂಪರಾಜ್ ಮೊದಲ ಬಾರಿಗೆ ತಲೆ ಎತ್ತಿದ.

"ಅದೇ, ಆ ಕಾರಿನ ಹುಡುಗನ್ನ."

ಕಾರು ನಂದೇ ಎನ್ನಲು ಕೆಂಪರಾಜ್ ಬಾಯಿ ತೆರೆದ. ಈಗ ನಂಬುವವರು ಯಾರು? ಹೊರಗೆ ಮುನೀಂದ್ರ ಆಗಲೇ ಸ್ಟೇರಿಂಗ್ ಹಿಡಿದು ಕೂತಿದ್ದ, ಕಿಟಕಿಯ ಪಕ್ಕ ನಿಖಿತಾ ನಗುತ್ತ ನಿಂತಿದ್ದಳು.

"ನೀವು ಸ್ವಲ್ಪ ಹಿಂದಿಂದ ತಳ್ತೀರಾ, ಪ್ಲೀಸ್?" ಎಂದಳು ಕೆಂಪರಾಜನಿಗೆ.

ಕೆಂಪರಾಜ್ ಅಂಗಿಯ ತೋಳು ಮಡಚಿ ತಳ್ಳಿದ.