ಇಪ್ಪತ್ತರ ಮುಳ್ಳು

ಎಲ್ಲಕ್ಕೂ ಕಾರಣ ಅಜೀಮುದ್ದೀನ್ ಮಿಸ್ತ್ರಿ ಹೇಳಿದ ಒಂದು ಮಾತು. ಹಾಗಂತ ಮಿಸ್ತ್ರಿಯನ್ನು ಬೈಯುವಂತಿಲ್ಲ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಕೇಳಿಸಿಕೊಂಡವನು ದಿಗಂಬರ, ತೊಂದರೆ ಶುರುವಾದದ್ದು ಅಲ್ಲಿ.

“ಇಂಜಿನ್ ಪೂರಾ ಬಿಚ್ಚಿ ಹೊಸಾದು ಮಾಡೀನಿ ಮಾಲಕ್,” ಎಂದಿದ್ದ ಮಿಸ್ತ್ರಿ, ಎಣ್ಣೆಯ ಕೈ ಒರೆಸಿಕೊಳ್ಳುತ್ತ. “ಒಳಗಿನ ಸಾಮಾನ ಇನ್ನಾ ಒಂದಕ್ಕೊಂದು ಹೊಂದಿಲ್ಲ. ಹೊಸಾ ಚಪ್ಪಲಿ ಹಾಕ್ಕೊಂಡಾಗ ಹ್ಯಾಂಗ ಮೆಲ್ಲಕ ನಡೀತೀರಿ, ಹಾಂಗೇ ಇದು. ಐನೂರು ಮೈಲಿ ಆಗೋತನಕ ಈ ವೇಗದ ಮುಳ್ಳು ಇಪ್ಪತ್ತರ ಮ್ಯಾಲೆ ಹೋಗಬಾರದು. ಮಂದಿನ್ನ ತುಂಬಬಾರದು. ದಾರ್ಯಾಗ ನಡಬರಕ ಇಂಜಿನ್ ಬಂದ್ ಮಾಡಬಾರದು. ಇದರಾಗ ಒಂದು ತಪ್ಪಿದ್ರೂ ಆಮ್ಯಾಲೆ ನನ್ನ ಕಡಿ ಬರಬ್ಯಾಡ್ರಿ.”

ಈಗ ನಾವು ಬಸವಕಲ್ಯಾಣ ಎನ್ನುವ ಊರು ಆಗ, ನಲವತ್ತೊಂಬತ್ತರಲ್ಲಿ, ಬರೀ ಕಲ್ಯಾಣ. ಅಲ್ಲಿಯ ಪೇಟೆಯಲ್ಲಿ ದಿಗಂಬರನದೊಂದು ಕಿರಾಣಿ ಅಂಗಡಿ. ಜಾಗೀರದಾರರೊಬ್ಬರು ಊರು ಬಿಡುವಾಗ ಮಾರಿದ ಹಳೆಯ ಮೋಟಾರನ್ನು ಅವನು ಯಾರ ಮಾತೂ ಕೇಳದೆ ಕೊಂಡಿದ್ದ. ಅದು ಓಡಿದ್ದಕ್ಕಿಂತ ನೂಕಿಸಿಕೊಂಡದ್ದೇ ಹೆಚ್ಚು. ಹೋಳಿ ಹುಣ್ಣಿಮೆಗೆ ಹೆಂಡತಿ ರುಕ್ಮಿಣಿಬಾಯಿಯನ್ನು ಕೂಡಿಸಿಕೊಂಡು ಹುಮನಾಬಾದಿನ ಮಾವನ ಮನೆಗೆ ಹೊರಟಾಗ ದಾರಿಯಲ್ಲಿ ಅದು ನಿಂತುಬಿಟ್ಟಿತು. ಲಗ್ನದ ಜರಿ ಸೀರೆಯುಟ್ಟ ಹೆಂಡತಿ ಹಿಂದಿನಿಂದ ನೂಕಿದಳು. ಸೀರೆಗೆಲ್ಲ ಕಪ್ಪು ಎಣ್ಣೆ ಮೆತ್ತಿತು. ಅವಳು ಹಿಂದೆ ಬಂದ ಬಸ್ಸಿಗೆ ಕೈಮಾಡಿ ಹತ್ತಿದಳು. ಹತ್ತಿದ ಮೇಲೆ ಕಿಟಕಿಯಿಂದ ಹೇಳಿದಳು: “ಈ ಮೋಟಾರು ಯಾರೂ ನೂಕದಂಗ ನಮ್ಮಪ್ಪನ ಬಾಗಲಕ ಬರಲಿ. ಅವತ್ತ ನಿಮ್ಮ ಜೋಡಿ ಬರ್ತೀನಿ.”

ಅಂದಿನಿಂದ ದಿಗಂಬರ ತಾನೇ ರೊಟ್ಟಿ ಬಡಿದುಕೊಂಡು ತಿನ್ನುತ್ತಿದ್ದ. ಅವನ ರೊಟ್ಟಿಯನ್ನು ಬೀದಿಯ ನಾಯಿ ಕೂಡ ಮೂಸಿ ನೋಡಿ ಬಿಟ್ಟು ಹೋಗುತ್ತಿತ್ತು. ರೊಟ್ಟಿಯ ಮಾತು ಹಾಗಿರಲಿ, ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದರೆ ಜಗಳವಾಡಲಿಕ್ಕೂ ಒಂದು ಜೀವವಿಲ್ಲದ ಆ ಮನೆ ಅವನಿಗೆ ಸಾಕುಸಾಕಾಗಿತ್ತು. ಹೆಂಡತಿ ಬೇಕಾಗಿದ್ದಳು, ಅಷ್ಟೇ.

ಇಂಜಿನ್ ಸಿದ್ಧವಾದದ್ದು ಗುರುವಾರ ಬೆಳಿಗ್ಗೆ. ಮರುದಿನ ಶುಕ್ರವಾರ, ಮನೆಮಗಳನ್ನು ಯಾರೂ ಕಳಿಸುವುದಿಲ್ಲ. ಶನಿವಾರ ಅಮಾವಾಸ್ಯೆ. ಭಾನುವಾರ ಅತ್ತೆ ತುಳಜಾಬಾಯಿ ಮಗಳನ್ನು ಕರೆದುಕೊಂಡು ಪಂಢರಪುರಕ್ಕೆ ಹೊರಡುವವರಿದ್ದರು. ಬರುವುದು ಯಾವಾಗಲೋ ದೇವರೇ ಬಲ್ಲ. ಅಂದರೆ ಹೋಗುವುದಾದರೆ ಈ ಹೊತ್ತೇ ಹೋಗಬೇಕು, ಅದೂ ದೀಪ ಹಚ್ಚುವುದರೊಳಗೆ. ದೀಪ ಹಚ್ಚಿದ ಮೇಲೆ ಮಗಳನ್ನು ಹೊಸ್ತಿಲು ದಾಟಿಸುವ ಹೆಂಗಸಲ್ಲ ತುಳಜಾಬಾಯಿ.

ಅಳಿಯನಾಗಿ ಹೋಗಬೇಕಲ್ಲ, ದಿಗಂಬರ ಹೊಸ ಧೋತರ ಉಟ್ಟು, ಕೋಟು ತೊಟ್ಟು, ಗುಲಾಬಿ ಬಣ್ಣದ ರೇಷ್ಮೆ ರುಮಾಲು ಸುತ್ತಿದ. ಪಕ್ಕದ ಮನೆಯ ಗಯಾಬಾಯಿ ಇಂಜಿನ್ನಿಗೆ ಕುಂಕುಮ ಹಚ್ಚಿ, ಮೋಟಾರಿನ ಮೂತಿಗೆ ಚೆಂಡುಹೂವಿನ ಮಾಲೆ ಕಟ್ಟಿ, ಕಾಯಿ ಒಡೆದಳು. ಒಡೆದವಳೇ ಬಾಗಿಲಿಗೆ ಕೈಹಾಕಿದಳು.

“ನಾನೂ ರಾಜೇಶ್ವರದತನಕ ಬರ್ತೀನಪಾ. ತಂಗಿ ಮನಿಗಿ ಹೋಗಬೇಕು.”

“ಮಂದಿನ್ನ ತುಂಬಂಗಿಲ್ಲ ಕಾಕು. ಹೊಸಾ ಇಂಜಿನ್ ಅದ.”

“ನಾ ಮಂದಿ ಏನೋ? ಒಬ್ಬಾಕಿ ಇದ್ದೀನಿ.”

“ಮಿಸ್ತ್ರಿ ಬ್ಯಾಡ ಅಂದಾನ.”

ಮನೆಯ ಕೀಲಿಯನ್ನು ಅವಳ ಕೈಗೆ ಕೊಟ್ಟು ದಿಗಂಬರ ಮೋಟಾರು ಬಿಟ್ಟ. ಬಿಟ್ಟರೇನು, ಊರ ಅಗಸೆಯವರೆಗೆ ಗಯಾಬಾಯಿ ಮೋಟಾರಿನ ಪಕ್ಕದಲ್ಲೇ ನಡೆಯುತ್ತ, ಅವನ ಕಿವಿಯ ಹತ್ತಿರವೇ ಬೈಯುತ್ತ ಬಂದಳು. ಒಂದೆರಡು ಸಲ ಮುಂದೆ ಹೋಗಿ ನಿಂತು ಕಾದಳು ಕೂಡ. ಯಾಕೆಂದರೆ ಮಿಸ್ತ್ರಿ ಹೇಳಿದ್ದು ಇಪ್ಪತ್ತಾದರೂ ದಿಗಂಬರನ ಎದೆ ಒಪ್ಪಿದ್ದು ಐದಕ್ಕೆ ಮಾತ್ರ. ಮುಳ್ಳು ಸ್ವಲ್ಪ ನಡುಗಿದರೆ ಸಾಕು, ಅವನು ಕಾಲೆತ್ತುತ್ತಿದ್ದ.

ಇಲ್ಲಿ ಒಂದು ಸಂಗತಿ ಹೇಳಬೇಕು. ಆ ಸೀಮೆಯಲ್ಲಿ ಆಗ ಮೋಟಾರೆಂದರೆ ಜನರಿಗೆ ಗೊತ್ತಿದ್ದದ್ದು ಎರಡೇ ಬಗೆ. ಧೂಳೆಬ್ಬಿಸಿಕೊಂಡು ಓಡಿದರೆ ಒಳಗೆ ಸರಕಾರಿ ಸಾಹೇಬರಿದ್ದಾರೆ. ನಡೆದುಹೋಗುವವರ ಜೊತೆ ಸಮವಾಗಿ ಬಂದರೆ ಒಳಗೆ ಮದುಮಗನಿದ್ದಾನೆ. ಮೂರನೆಯ ಬಗೆಯ ಮೋಟಾರನ್ನು ಯಾರೂ ಕಂಡಿರಲಿಲ್ಲ. ಈಗ ನೋಡಿದರೆ ಮೂತಿಗೆ ಹೂವಿದೆ, ಒಳಗಿನವನಿಗೆ ಗುಲಾಬಿ ರುಮಾಲಿದೆ, ಮೋಟಾರು ಎತ್ತಿನ ಬಂಡಿಗೆ ದಾರಿ ಬಿಡುತ್ತಿದೆ. ಜನ ಇನ್ನೇನು ತಿಳಿಯಬೇಕು?

ಸಸ್ತಾಪುರ ಬಂಗಲೆಯ ಹತ್ತಿರ ಯುನೂಸನ ಬಾಜಾದವರು ಯಾವುದೋ ಲಗ್ನ ಮುಗಿಸಿಕೊಂಡು ಮರದ ಕೆಳಗೆ ಕೂತಿದ್ದರು. ಮೋಟಾರು ಕಂಡು ಯುನೂಸ್ ಎದ್ದು ನಿಂತ. ಬಾಜಾ ಇಲ್ಲದೆ ಹೊರಟ ಮದುಮಗನನ್ನು ಅವನು ತನ್ನ ಆಯುಷ್ಯದಲ್ಲಿ ನೋಡಿರಲಿಲ್ಲ.

“ಛೇ, ಇದೆಂಥಾ ಬೀಗರ್ರಿ ನಿಮ್ಮವರು? ಮೂಕ ಬರಾತು ಕಳಿಸ್ಯಾರಲ್ಲ,” ಎಂದು ಮರುಗಿದ. “ಚಿಂತಿ ಬಿಡ್ರಿ ನವಶೇ. ರಾಜೇಶ್ವರ ನಮ್ಮ ದಾರೀನೇ ಅದ. ಖುಷಿ ಆದಷ್ಟು ಕೊಡ್ರಿ.”

“ನಾ ನವಶೇನೂ ಅಲ್ಲ, ಮದುಮಗನೂ ಅಲ್ಲೋ ಮಾರಾಯಾ,” ಎಂದ ದಿಗಂಬರ.

ಅಷ್ಟರಲ್ಲಿ ಸನಾದಿ ಎದ್ದಿತ್ತು, ತಾಶಾ ಎದ್ದಿತ್ತು. ಅವನ ಮಾತು ಅವನಿಗೇ ಕೇಳಿಸಲಿಲ್ಲ. ಬಾಜಾದವರು ರಸ್ತೆಯ ತುಂಬ ಹರಡಿಕೊಂಡು ಮುಂದೆ ನಡೆದರು. ಅವರನ್ನು ದಾಟಬೇಕೆಂದರೆ ಜೋರು ಮಾಡಬೇಕು, ಜೋರು ಮಾಡಿದರೆ ಮುಳ್ಳು ಏರುತ್ತದೆ. ನಿಲ್ಲಿಸಿ ಇಳಿದು ತಿಳಿಸಿ ಹೇಳೋಣವೆಂದರೆ ಇಂಜಿನ್ ಬಂದ್ ಮಾಡುವ ಹಾಗಿಲ್ಲ. ಹಾರ್ನ್ ಒತ್ತಿದ. ತಾಶಾದವನು ಮೆಚ್ಚಿ, ಅದಕ್ಕೆ ಸರಿಯಾಗಿ ಪೆಟ್ಟು ಹಾಕತೊಡಗಿದ. ದಿಗಂಬರ ಮತ್ತೆ ಹಾರ್ನ್ ಮುಟ್ಟಲಿಲ್ಲ.

ಹೀಗೆ ಹೊರಟ ಮೆರವಣಿಗೆ ರಾಜೇಶ್ವರ ಮುಟ್ಟುವಷ್ಟರಲ್ಲಿ ಹೊಲದಿಂದ ಬಂದವರು, ಬಾವಿಯಿಂದ ಬಂದವರು, ಏನೂ ಕೆಲಸವಿಲ್ಲದವರು ಎಲ್ಲ ಸೇರಿ ಹಿಂದೆ ದೊಡ್ಡ ಗುಂಪಾಗಿತ್ತು. ಊರ ಮುಂದೆ ಬಕ್ಕಪ್ಪ ಪಾಟೀಲರು ಮಾಲೆ ಹಿಡಿದು ನಿಂತಿದ್ದರು. ಬಾಜಾದ ಸಪ್ಪಳ ಮೊದಲೇ ಮುಟ್ಟಿತ್ತು.

“ಮದುಮಗ ನಮ್ಮೂರ ಮುಂದಿಂದ ಹಾಯ್ದು ಹೋಗಾಗ ಬರಿಗೈಲೆ ಕಳಸಿದ್ರ ಊರ ಮರ್ಯಾದಿ ಏನು ಉಳೀತದ?” ಎಂದು ಮಾಲೆ ಹಾಕಿದರು. ಹಿಂದೆಯೇ ಊರವರೂ ಒಂದೊಂದು ಹಾಕಿದರು.

“ಪಾಟೀಲ್ರ, ನನ್ನ ಲಗ್ನ ಆಗಿ ನಾಕು ವರ್ಷ ಆತ್ರಿ.”

ಪಾಟೀಲರು ಸುತ್ತ ನೋಡಿ, ಮೋಟಾರಿನೊಳಗೆ ತಲೆ ಹಾಕಿ, ದನಿ ಇಳಿಸಿದರು. “ಹಿರೇ ಹೆಂಡತಿಗಿ ಗೊತ್ತದ ಏನು?”

“ಅಕಿನ್ನ ಕರಕೊಂಡು ಬರಾಕೇ ಹೊಂಟೀನ್ರಿ.”

“ಭಾಳ ಛಲೋ. ಇಬ್ಬರೂ ಒಂದೇ ಮನ್ಯಾಗ ಹೊಂದಿಕೊಂಡು ಇದ್ರ ಅದರಂಥಾದ್ದು ಮತ್ತ ಯಾವುದದ?”

ದಿಗಂಬರನಿಗೆ ಅಳು ಬಂತು. ವಜೀರಬಿ ಎಂಬ ಮುದುಕಿ ಅದನ್ನು ಕಂಡು, “ತಾಯಿ ನೆನಪಾಗ್ಯಾಳ ನನ ಬೇಟಾಗ,” ಎಂದು ಅವನ ಕೆನ್ನೆ ಸವರಿ, ಬೆರಳನ್ನು ತನ್ನ ಕಣತಲೆಗೊತ್ತಿ ಲಟಲಟ ನೆಟಿಕೆ ಮುರಿದು ದೃಷ್ಟಿ ತೆಗೆದಳು. ಪಾಟೀಲರು ಹಿಡಿ ಸಕ್ಕರೆ ತಂದು ಬಾಯಿಗೆ ಸುರಿದರು.

ಅದೇ ಹೊತ್ತಿಗೆ ಹುಮನಾಬಾದಿನ ಕಡೆಯಿಂದ ಕಲ್ಯಾಣದ ಬಸ್ಸು ಬಂತು. ಜನ ಕಂಡು ನಿಧಾನ ಮಾಡಿತು. ಕಂಡಕ್ಟರ್ ಕಾಸಿಂ ಬಾಗಿಲಲ್ಲಿ ಜೋತುಬಿದ್ದು “ಬಾಜೂಕ ಸರೀರಿ” ಎನ್ನುತ್ತಿದ್ದ. ಕಿಟಕಿಗಳಿಂದ ತಲೆಗಳು ಹೊರಬಂದವು. ಹಿಂದಿನ ಕಿಟಕಿಯೊಂದರಿಂದ ಹಸಿರು ಬಳೆಯ ಕೈಯೊಂದು ಬಸ್ಸಿನ ತಗಡನ್ನು ದಬದಬ ಬಡಿಯುತ್ತಿತ್ತು. ಧೂಳಿನಲ್ಲಿ ಮುಖ ಕಾಣಲಿಲ್ಲ. ದಾರಿ ಬಿಡಲಿಲ್ಲವೆಂದು ಯಾವಳೋ ಸಿಟ್ಟಾಗಿದ್ದಾಳೆ ಎಂದುಕೊಂಡ ದಿಗಂಬರ. ಬಾಯಿ ತುಂಬ ಸಕ್ಕರೆ, ಮಾತಾಡುವಂತಿಲ್ಲ. ಎರಡೂ ಕೈ ಎತ್ತಿ ಬಸ್ಸಿಗೆ ಮುಗಿದು, ಹೋಗಿರಪ್ಪ ಎಂಬಂತೆ ಸನ್ನೆ ಮಾಡಿದ. ಬಳೆಯ ಕೈ ಬಡಿಯುವುದನ್ನು ನಿಲ್ಲಿಸಿತು. ಬಸ್ಸು ಮುಂದೆ ಹೋಯಿತು.

ರಾಜೇಶ್ವರದವರು ಅವನನ್ನು ಬಿಟ್ಟದ್ದು ಬಿಸಿಲು ಇಳಿದ ಮೇಲೆ. ಬಾಜಾದವರು ಅಲ್ಲೇ ಪಾಟೀಲರ ಮನೆಯ ಊಟಕ್ಕೆ ನಿಂತರು. ದಿಗಂಬರನಿಗೆ ಹೋದ ಜೀವ ಬಂದಂತಾಯಿತು. ಬಯಲು ರಸ್ತೆಯಲ್ಲಿ ಎದೆ ಗಟ್ಟಿಮಾಡಿ ಮುಳ್ಳನ್ನು ಹದಿನೈದಕ್ಕೆ ಏರಿಸಿದ. ಇಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ಹುಮನಾಬಾದಿನಲ್ಲಿ ಮಾವನ ಮನೆಯ ಮುಂದೆ ಮೋಟಾರು ನಿಂತಾಗ ಇನ್ನೂ ಬೆಳಕಿತ್ತು, ಯಾವ ಮನೆಯಲ್ಲೂ ದೀಪ ಹಚ್ಚಿರಲಿಲ್ಲ. ಯಾರೂ ನೂಕಿರಲಿಲ್ಲ. ಗೆದ್ದೆ ಎಂದುಕೊಂಡ.

ತುಳಜಾಬಾಯಿ ಹೊರಗೆ ಬಂದು ಅಳಿಯನನ್ನೂ ಅವನ ಕೊರಳಿನ ಮಾಲೆಗಳನ್ನೂ ನೋಡಿದರು.

“ಇದೇನ್ರಿ, ಇಷ್ಟೊಂದು ಹೂವು?”

“ಇಂಜಿನ್ನಿನ ಪೂಜಾದು ಅತ್ತಿ. ರುಕ್ಮಿಣಿ ಎಲ್ಲಿ? ಲಗೂ ಬಾ ಅನ್ರಿ, ದೀಪಾ ಹಚ್ಚೂದರಾಗ ಹೊಸ್ತಿಲಾ ದಾಟಬೇಕು.”

“ಅಯ್ಯ, ಅಕಿ ಆಗಳೇ ಹೋದಳಲ್ರಿ, ಮಧ್ಯಾಹ್ನದ ಬಸ್ಸಿಗಿ. ಹೊಸಾ ಇಂಜಿನ್ ಮ್ಯಾಲೆ ಮಂದಿನ್ನ ತುಂಬಬಾರದಂತ ನೀವು ಊರೆಲ್ಲಾ ಹೇಳಿಕೋತ ತಿರಗ್ಯಾಡಾಕತ್ತೀರಂತ, ನಿಮ್ಮ ಓಣ್ಯಾಗಿನ ಸೋನುಬಾಯಿ ಮುಂಜಾನಿ ಬಸ್ಸಿಗಿ ಬಂದಾಗ ಹೇಳಿದಳು. ‘ಅವ್ವಾ, ನನ್ನ ಹಟ ಸಾಕು. ನಾ ಕೂತು ಅವರ ಇಂಜಿನ್ ಕೆಡೋದು ಬ್ಯಾಡ, ಅವರು ಇಲ್ಲಿಗಿ ಹೊರಡೂದರಾಗ ನಾನೇ ಮನ್ಯಾಗ ಇರ್ತೀನಿ’ ಅಂದು ನಕ್ಕೋತ ಹೋದಳು. ದಾರ್ಯಾಗ ಕಾಣಲಿಲ್ಲೇನು?”

ದಿಗಂಬರನ ಕಣ್ಣು ತುಂಬಿತು. ಎಂಥ ಹೆಂಡತಿ. ಇಂಥವಳ ಕೈಯಲ್ಲಿ ಮೋಟಾರು ನೂಕಿಸಿದೆನಲ್ಲ ಎಂದು ನಾಚಿಕೆಯಾಯಿತು. ಅಷ್ಟರಲ್ಲಿ ಅವನಿಗೆ ಹಸಿರು ಬಳೆಯ ಕೈ ನೆನಪಾಯಿತು. ರುಮಾಲಿನೊಳಗೆ ತಲೆ ಬೆವರಿತು.

ಕಲ್ಯಾಣಕ್ಕೆ ಹೋಗಿದ್ದ ಬಸ್ಸು ಅವನ ಹಿಂದೆಯೇ ತಿರುಗಿ ಬಂದು ಬೀದಿಯ ತುದಿಯಲ್ಲಿ ನಿಂತಿತು. ಕಾಸಿಂ ನೆಟ್ಟಗೆ ಇವರ ಮನೆಯ ಕಡೆಗೇ ಬಂದ. ದಿಗಂಬರನನ್ನು ಕಂಡು ಸಲಾಂ ಮಾಡಿದ. ಮಾತಾಡುವ ಮೊದಲು ಮೋಟಾರಿನ ಹಿಂದಿನ ಸೀಟನ್ನು ಒಮ್ಮೆ ಇಣುಕಿ ನೋಡಿದ.

“ಅಕ್ಕಾವರು ಒಂದು ನಿರೋಪ ಕೊಟ್ಟಾರ್ರಿ ಶೇಠಜಿ. ರಾಜೇಶ್ವರದಾಗ ಅವರು ಬಸ್ ನಿಂದ್ರಸ್ರಿ ಅಂತ ತಗಡು ಬಡೀಲಾಕತ್ತಿದ್ರು. ನಾ ಸೀಟಿ ಬಾಯಾಗ ಇಟ್ಟೀನಿ, ನೀವು ಎರಡೂ ಕೈ ಮುಗದು ಹೋಗ್ರಿ ಅಂದ್ರಿ. ‘ಹೋಗಲಿ ಬಿಡಪಾ, ಅವರೇ ಅನ್ನಾಕತ್ತಾರಲ್ಲ’ ಅಂದ್ರು.”

“ನಿರೋಪ ಏನು?”

“ಕಲ್ಯಾಣದಾಗ ಇಳಿದು ಹೇಳಿದ್ರು. ‘ಹೊಸಾಕಿನ್ನ ಕರಕೊಂಡು ಸಾವಕಾಶ ಬರಲಿ, ಅವಸರ ಏನಿಲ್ಲ. ನಾ ಒಳಗ ಚಿಲಕಾ ಹಾಕ್ಕೋತೀನಿ, ಬಡದ್ರೂ ತೆಗೆಯಂಗಿಲ್ಲ’ ಅಂತ. ಬಸ್ ಸ್ಟ್ಯಾಂಡಿನಾಗ ನಿಮ್ಮ ಗಯಾಬಾಯಿ ಕೀಲಿ ಹಿಡಕೊಂಡು ನಿಂತಿದ್ರು. ‘ಅದಕ್ಕೇ ನೋಡವಾ, ಗಾಡ್ಯಾಗ ನನ್ನ ಕೂಡಿಸ್ಕೋಲಿಲ್ಲ ಅಂವ’ ಅಂದ್ರು ಅವರು.”

ತುಳಜಾಬಾಯಿ ಅಳಿಯನ ಕೊರಳಿನ ಮಾಲೆಗಳನ್ನು ಮತ್ತೊಮ್ಮೆ, ಈ ಸಲ ಒಂದೊಂದಾಗಿ, ನೋಡಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಿಟಕಿಯಲ್ಲಿ ದೀಪ ಹತ್ತಿತು.

“ಇನ್ನಾ ಭಾಳ ಹೊತ್ತಾಗಿಲ್ರಿ,” ಎಂದ ಕಾಸಿಂ, ಮರುಕದಿಂದ. “ಜೋರು ಹೊಡೀರಿ. ಹೋಗಿ ಅಕ್ಕಾವರಿಗಿ ಎಲ್ಲಾ ತಿಳಿಸಿ ಹೇಳ್ರಿ.”

ಹೌದು, ಈಗ ಯಾವ ಮಿಸ್ತ್ರಿ, ಯಾವ ಇಪ್ಪತ್ತು. ದಿಗಂಬರ ಹಲ್ಲು ಕಚ್ಚಿ ಕಾಲು ಒತ್ತಿದ. ಊರು ದಾಟುವಷ್ಟರಲ್ಲಿ ಮುಳ್ಳು ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಹೋಗುತ್ತ ಹೋಗುತ್ತ, ಬಾಗಿಲ ಹೊರಗೆ ನಿಂತು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಬಾಜಾದವರು ತಾವೇ ಬಂದರು. ಮಾಲೆ ತಾನೇ ಕೊರಳಿಗೆ ಬಿತ್ತು. ಸಕ್ಕರೆ ತಾನೇ ಬಾಯಿಗೆ ಬಂತು. ಕೈ ತಾವೇ ಮುಗಿದವು. ಒಂದೊಂದೂ ಖರೆಯ ಮಾತು. ಗಯಾಬಾಯಿ ಪಕ್ಕದ ಕಟ್ಟೆಯ ಮೇಲೆ ಕೂತು ಕೇಳುತ್ತಿರುವಂತೆ ಎಲ್ಲವನ್ನೂ ಮತ್ತೊಮ್ಮೆ ಹೇಳಿ ನೋಡಿಕೊಂಡ. ಈ ಸಲ ಅವನಿಗೇ ನಂಬಿಕೆ ಬರಲಿಲ್ಲ.

ಅವನ ಕಾಲು ಮೆಲ್ಲಗೆ ಮೇಲೆದ್ದಿತು. ಮುಳ್ಳು ಇಳಿದು ಹತ್ತಕ್ಕೆ ಬಂದು ನಿಂತಿತು.

“ಮಿಸ್ತ್ರಿ ಹೇಳಿದ್ದು ಖರೇ ಅದ,” ಎಂದ ದಿಗಂಬರ, ಮೋಟಾರಿಗೆ. “ಹೊಸಾ ಇಂಜಿನ್. ಅವಸರ ಮಾಡಬಾರದು.”