ಸುಭದ್ರಾಬಾಯಿಯ ಅರ್ಧ ರೇಟು

ಅಂದು ಬೆಳಿಗ್ಗೆ ಎದುರುಮನೆಯ ಜಯಮಾಲಾಳ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳವೇ ಕೇಳಲಿಲ್ಲ. ಚೌಡಾಪುರದಲ್ಲಿ ಉಳಿದವರು ಆರಾಮಾಗಿದ್ದರು. ಸುಭದ್ರಾಬಾಯಿ ಮಾತ್ರ ಚಹಾದ ಲೋಟ ಹಿಡಿದು ಬಾಗಿಲಿಗೆ ಬಂದು ನಿಂತಳು.

ಇಬ್ಬರದೂ ರೊಟ್ಟಿ ವ್ಯಾಪಾರ. ಸುಭದ್ರಾಬಾಯಿ ಗಿರಾಕಿಯ ಮುಖ ನೋಡಿ ವ್ಯಾಪಾರ ಮಾಡಿದವಳೇ ಅಲ್ಲ, ಎದುರುಮನೆ ನೋಡಿ ಮಾಡುವವಳು. ಜಯಮಾಲಾ ರೊಟ್ಟಿಗೆ ಎಳ್ಳು ಹಚ್ಚಿದರೆ ಈಕೆ ಎರಡು ಪಾಲು ಹಚ್ಚಬೇಕು. ಅವಳು ಬೋರ್ಡು ಬರೆಸಿದರೆ ಈಕೆಯದು ಒಂದು ಗೇಣು ದೊಡ್ಡದಿರಬೇಕು. ಇಂಥವಳ ಕೈತಪ್ಪಿ, ಕರಜಗಿ ಗೌಡರ ಬಸುರಿ ಮಗಳ ಕುಬಸದೂಟದ ಆರ್ಡರು ಈ ಸಲ ಜಯಮಾಲಾಳಿಗೆ ಹೋಗಿತ್ತು. ಊಟ ಇವತ್ತೇ. ಆ ಮನೆಯ ಆರ್ಡರು ಮತ್ತೆ ತನಗೇ ಬರಬೇಕೆಂದು ಸುಭದ್ರಾಬಾಯಿಯ ಜೀವ ಒದ್ದಾಡುತ್ತಿತ್ತು.

ಪಕ್ಕದ ಮನೆಯ ಸಕ್ಕುಬಾಯಿ ಗೋಡೆಯ ಮೇಲಿಂದ ಇಣುಕಿದಳು.

"ಸಪ್ಪಳಿಲ್ಲಂದ್ರ ಮಷಿನ್ ತಂದಾಳ ಬಿಡಬೇ. ಬಟನ್ ಒತ್ತಿದ್ರ ರೊಟ್ಟಿ ಬೀಳ್ತಾವಂತ!"

"ಮಷಿನ್ನಾ?" ಸುಭದ್ರಾಬಾಯಿಯ ಹೊಟ್ಟೆಯೊಳಗೆ ಒಲೆ ಹೊತ್ತಿತು. "ತಡಿ, ಇವತ್ತ ಆಕಿ ಧಂದಾ ಬಂದ್ ಮಾಡಸ್ತೇನಿ! ಇಡೀ ದಿನ ಅರ್ಧಾ ರೇಟು!"

ಸಕ್ಕುಬಾಯಿಯನ್ನೂ ಒಲೆಯ ಮುಂದೆ ಕೂಡಿಸಿ ಬಡಿದಳು ನೋಡಿ, ಬುಟ್ಟಿಗಳು ತುಂಬಿ ಹೊರಸಿನ ಮೇಲೂ ರೊಟ್ಟಿ ಬಿದ್ದವು. ಅಷ್ಟರಲ್ಲಿ ಟಂಟಂ ಓಡಿಸುವ ಗುಡುಸಾಬ ಬಂದ.

"ಬಾಯಾರ, ಎದುರುಮನಿ ಜಯಮಾಲಾ..."

"ಆಕಿ ಹೆಸರು ನನ್ನ ಮುಂದ ಎತ್ತಬ್ಯಾಡ! ರೊಟ್ಟಿ ಬೇಕೇನು? ಅರ್ಧಾ ರೇಟು, ಬೇಕಾದಷ್ಟು ಒಯ್ಯಿ."

"ಅರ್ಧಾ ರೇಟಾ? ಖರೇನಾ?" ಗುಡುಸಾಬ ಆಚೆ ಹೋಗಿ ಮೊಬೈಲಿನಲ್ಲಿ ಮಾತಾಡಿ ಬಂದ. "ಅಷ್ಟೂ ಕಟ್ರಿ ಬಾಯಾರ."

ಒಂದು ರೊಟ್ಟಿಯೂ ಉಳಿಯಲಿಲ್ಲ! ಇನ್ನು ಜಯಮಾಲಾಳ ಪೆಚ್ಚುಮೋರೆ ನೋಡದಿದ್ದರೆ ಆ ರೊಟ್ಟಿ ಬಡಿದು ಏನು ಸುಖ? ಸೆರಗು ಝಾಡಿಸಿಕೊಂಡು ರಸ್ತೆ ದಾಟಿದಳು.

ಒಳಗೆ ಮಷಿನ್ನೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಹಿತ್ತಲಲ್ಲಿ ಗುಡುಸಾಬನ ಟಂಟಂ ನಿಂತಿತ್ತು. ಅದರ ತುಂಬ ಎರಡು ಪಾಲು ಎಳ್ಳಿನ ರೊಟ್ಟಿಗಳು. ಬಲಗೈಗೆ ದಪ್ಪ ಪಟ್ಟಿ ಕಟ್ಟಿಕೊಂಡ ಜಯಮಾಲಾ ಓಡಿ ಬಂದಳು.

"ಅಕ್ಕಾ, ನೀವು ಮನುಷ್ಯಾರಲ್ಲ, ದೇವ್ರು! ರಾತ್ರಿ ಕುದಿಯೋ ನೀರು ಕೈಮ್ಯಾಲ ಬಿತ್ತರಿ. ಕುಬಸದ ಆರ್ಡರ್ ಪೂರಾ ನಿಮಗ ಬಿಟ್ಟುಕೊಡಬೇಕಂತ ಗುಡುಸಾಬಗ ಕಳಿಸಿದ್ದೆ. ಗೌಡ್ರೂ ಹೂಂ ಅಂದಿದ್ರು. ನೀವು ನೋಡಿದ್ರ, ಕೇಳೂಕಿಂತ ಮೊದಲ ಅರ್ಧಾ ರೇಟಿಗೆ ಕೊಟ್ಟು ನನ್ನ ಆರ್ಡರೂ ಮರ್ಯಾದಿನೂ ಉಳಿಸಿದ್ರಿ!"

ಸುಭದ್ರಾಬಾಯಿ ಟಂಟಂಗೆ ಒರಗಿ ಅಲ್ಲೇ ಕೂತಳು. ರೊಟ್ಟಿ ಬಡಿದ ಕೈ ಭುಜದಿಂದ ಬೆರಳ ತುದಿಯವರೆಗೆ ಸೇದುತ್ತಿತ್ತು. ಜಯಮಾಲಾ ಎಡಗೈಯಿಂದಲೇ ಚಹಾ ತಂದುಕೊಟ್ಟಳು.

"ಡಾಕ್ಟರು ಇನ್ನ ತಿಂಗಳ ತನಕ ರೊಟ್ಟಿ ಬಡಿಬ್ಯಾಡ, ಸುಮ್ನ ಕೂಡು ಅಂದಾರಕ್ಕ. ನಾಳಿಂದೂ ಇದ ರೇಟಲ್ರಿ?"

ಸುಭದ್ರಾಬಾಯಿ ತನ್ನ ಊದಿದ ಕೈ ನೋಡಿಕೊಂಡಳು, ಜಯಮಾಲಾಳ ಕೈಯ ಪಟ್ಟಿ ನೋಡಿದಳು. ಈಗ ಆ ಪಟ್ಟಿಯ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು.